ಬ್ರೇಕ್ ಬೀಳದ ಪುಟ

ಮಾರ್ಚ್ ೩, ಸೋಮವಾರ

ನಿನ್ನೆ ರಾತ್ರಿ ಅಪ್ಪ ನಾಲ್ಕು ಸಲ ಹಾರ್ನ್ ಹೊಡೆದರು. ಒಮ್ಮೆ ನೀರಿಗೆ, ಒಮ್ಮೆ ಬೆಡ್‌ಪ್ಯಾನಿಗೆ, ಒಮ್ಮೆ ಮಗ್ಗುಲು ಬದಲಿಸಲು. ನಾಲ್ಕನೆಯ ಸಲ ಕಣ್ಣುಜ್ಜಿಕೊಂಡು ಹೋಗಿ ನಿಂತರೆ, ಯಾಕೆ ಕರೆದೆ ಅನ್ನೋದೇ ಮರೆತುಹೋಯ್ತಲ್ಲೇ ಪುಟ್ಟಿ ಎಂದರು. ನಲವತ್ತಾರು ತುಂಬಿದವಳನ್ನು ಪುಟ್ಟಿ ಎಂದು ಕರೆಯುವವರು ಅಮ್ಮ ಹೋದ ಮೇಲೆ ಇವರೊಬ್ಬರೇ. ಬೈಯಲು ಬಾಯಿ ಬರಲಿಲ್ಲ. ಹೋಗಿ ಮಲಗಿ ದಿಂಬಿಗೆ ಬೈದೆ.

ಕಳೆದ ವರ್ಷ ಲಕ್ವ ಹೊಡೆದು ಅವರ ಎಡಭಾಗ ಸ್ವಾಧೀನ ತಪ್ಪಿದಾಗ, ಕರೆಯಲೆಂದು ಒಂದು ಪುಟ್ಟ ಗಂಟೆ ತಂದುಕೊಟ್ಟಿದ್ದೆ. ಜೀವಮಾನವೆಲ್ಲ ಬಸ್ಸು ಓಡಿಸಿದವರು ಅದನ್ನು ಮುಟ್ಟಲಿಲ್ಲ. "ಗಂಟೆ ಹೊಡೆಯೋದು ಕಂಡಕ್ಟರ್ ಕೆಲಸ" ಎಂದರು. ಕೊನೆಗೆ ಅಟ್ಟದ ಮೇಲಿದ್ದ ಹಳೆಯ ರಬ್ಬರ್ ಹಾರ್ನು ಇಳಿಸಿ ಮಂಚದ ಬಲಗಡೆ ಕಟ್ಟಿದೆ. ಪೋಂ ಎಂದರೆ ನಾನು ಹಾಜರು.

ಹಗಲು ಅವರನ್ನು ನೋಡಿಕೊಳ್ಳುವ ಆಯಾ ಇವತ್ತು, ಆಫೀಸಲ್ಲಿ ನೀವು ಏನು ಮಾಡ್ತೀರಿ ಅಕ್ಕಾ ಎಂದು ಕೇಳಿದಳು. ವಿಶ್ವವಿದ್ಯಾಲಯದ ನೀತಿ ಅಧ್ಯಯನ ಕೇಂದ್ರ ಎಂದರೆ ಅವಳಿಗೇನು, ನನಗೇ ಕೆಲವು ದಿನ ಅರ್ಥವಾಗುವುದಿಲ್ಲ. ಓದಿದವರು ಊರಿನ ಕಷ್ಟಸುಖದ ಬಗ್ಗೆ ಮುನ್ನೂರು ಪುಟ ಬರೆಯುತ್ತಾರೆ, ಊರಿನವರಿಗೆ ಅದು ತಿಳಿಯುವ ಹಾಗೆ ಒಂದು ಪುಟ ಮಾಡಿ ಹಂಚುವುದು ನನ್ನ ಕೆಲಸ ಎಂದೆ. ಅಪ್ಪ ಮಂಚದಿಂದಲೇ, "ಅವಳು ಬರೀತಾಳೆ, ನಾನು ಬ್ರೇಕ್ ಹಾಕ್ತೀನಿ" ಎಂದರು.

ಅದು ನಿಜ. ಕೇಂದ್ರಕ್ಕೆ ಸೇರಿದಾಗಿನಿಂದ ನಾನು ಬರೆದ ಒಂದೊಂದು ಪುಟವನ್ನೂ ಅಚ್ಚಿಗೆ ಕೊಡುವ ಮೊದಲು ಅಪ್ಪನಿಗೆ ಓದಿಹೇಳಿದ್ದೇನೆ. ಗೊತ್ತಾಗದ ಮಾತು ಬಂದಲ್ಲಿ ಅವರು ಬ್ರೇಕ್ ಎನ್ನುತ್ತಾರೆ, ನಾನು ಅಲ್ಲೇ ನಿಂತು ಮಾತು ಬದಲಿಸುತ್ತೇನೆ. ಸಬಲೀಕರಣಕ್ಕೆ ಬ್ರೇಕ್. ಅನುಷ್ಠಾನಕ್ಕೆ ಬ್ರೇಕ್. ಫಲಾನುಭವಿ ಎಂದಾಗಲಂತೂ, ಫಲ ಎಲ್ಲಿದೆ, ಬರೀ ಅನುಭವಿಸೋದು ತಾನೇ ಎಂದು ಕೆಮ್ಮು ಬರುವವರೆಗೆ ನಕ್ಕಿದ್ದರು.

ಮಾರ್ಚ್ ೭, ಶುಕ್ರವಾರ

ಹೊಸ ವರದಿ ನನ್ನ ಮೇಜಿಗೆ ಬಂತು. ಹಾಸಿಗೆ ಹಿಡಿದವರನ್ನು ಮನೆಯಲ್ಲಿಟ್ಟುಕೊಂಡು ನೋಡಿಕೊಳ್ಳುವವರ ಪಾಡು. ಊರಿನ ನಾನೂರು ಮನೆಗಳಿಗೆ ಹೋಗಿ ಕೇಳಿ ಬಂದಿದ್ದಾರೆ. ವಾರಕ್ಕೆರಡು ಸಲ ನಗರಸಭೆಯ ನರ್ಸ್ ಒಬ್ಬಳು ಮನೆಗೆ ಬರುವಂತಾದರೆ ಎಷ್ಟೋ ಮನೆಗಳು ಉಸಿರಾಡುತ್ತವೆ ಎನ್ನುವುದು ಅದರ ಸಾರ. ಓದುತ್ತಾ ಓದುತ್ತಾ ಇದು ನಮ್ಮ ಮನೆಯದೇ ವರದಿ ಅನ್ನಿಸಿತು. ನರ್ಸ್ ಬಂದರೆ ಅಪ್ಪನ ಬೆನ್ನಿನ ಹುಣ್ಣನ್ನು ನಾನೇ ತೊಳೆದು, ಸರಿ ತೊಳೆದೆನೋ ಇಲ್ಲವೋ ಎಂದು ದಿನವಿಡೀ ಕೊರಗುವುದು ತಪ್ಪುತ್ತದೆ.

ನಿರ್ದೇಶಕಿ ಕರೆದು ಕೂರಿಸಿಕೊಂಡರು. ನಗರಸಭೆಯ ಸದಸ್ಯರು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡುತ್ತಿದ್ದಾರಂತೆ. ಪುಟ ಓದಿ ಅವರ ಮನಸ್ಸು ಕಲಕಬೇಕು. "ಅಂಕಿ ನೋಡಿ ಯಾರೂ ಅಳೋದಿಲ್ಲ. ಒಂದು ಮನೆ ತೋರಿಸಿ" ಎಂದರು.

ಒಂದು ಮನೆ ಕೊಡಪ್ಪಾ ಎಂದು ಸರಾಸರಿಯ ಹತ್ತಿರ ಹೋದೆ. ವರದಿಯ ಲೆಕ್ಕವೆಲ್ಲ ಅವನದು. ಚಹಾಕ್ಕೆ ಸಕ್ಕರೆ ಎಷ್ಟು ಎಂದರೂ ಸರಾಸರಿ ಎರಡು ಚಮಚ ಎನ್ನುವುದರಿಂದ ಅವನಿಗೆ ಆ ಹೆಸರು ಅಂಟಿದೆ. ನಾನೂರು ಬೇಕಾದರೆ ಕೊಡುತ್ತೇನೆ, ಒಂದು ಕೊಡಲಾಗುವುದಿಲ್ಲ, ಹೇಳಿದವರ ಗುಟ್ಟು ಕಾಪಾಡಬೇಕು ಎಂದ. ಸರಿ, ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಯಾಕೆ ಅಲೆಯಲಿ.

ಮಾರ್ಚ್ ೯, ಭಾನುವಾರ

ಬರೆದೆ. ಇಷ್ಟು ಸಲೀಸಾಗಿ ಯಾವತ್ತೂ ಬರೆದಿರಲಿಲ್ಲ. ಗುರುತು ಸಿಗಬಾರದೆಂದು ಡ್ರೈವರನ್ನು ನಿವೃತ್ತ ಗುಮಾಸ್ತ ಮಾಡಿದೆ, ಹಾರ್ನನ್ನು ಗಂಟೆ ಮಾಡಿದೆ. ಹೀಗಿದೆ:

"ಅವರು ರಾತ್ರಿ ನಾಲ್ಕು ಸಲ ಗಂಟೆ ಬಾರಿಸುತ್ತಾರೆ. ಮಗಳು ನಾಲ್ಕು ಸಲ ಏಳುತ್ತಾಳೆ. ನೀರು ಕೊಟ್ಟು ಬಂದು ಮಲಗಿದರೆ ಸ್ವಲ್ಪ ಹೊತ್ತಿಗೇ ಬೆಡ್‌ಪ್ಯಾನ್. ಬೆಳಗ್ಗೆ ಕೆಲಸದ ಮೇಜಿನ ಮುಂದೆ ಕೂತಲ್ಲೇ ತೂಕಡಿಸುತ್ತಾಳೆ. ಅವಳಿಗೆ ತಂದೆಯ ಮೇಲೆ ಪ್ರೀತಿಯಿದೆ. ಆದರೆ ಪ್ರೀತಿಯೂ ಎಷ್ಟು ದಿನ ಹೊರೆ ಹೊತ್ತೀತು?"

ತಲೆಬರಹ: ಈ ಹೊರೆ ಯಾರ ಹೆಗಲಿಗೆ?

ಮಾರ್ಚ್ ೧೦, ಸೋಮವಾರ

ಸಂಜೆ ಅಪ್ಪನಿಗೆ ಓದಿಹೇಳಿದೆ. ಓದಲೋ ಬೇಡವೋ ಎಂದು ಒಂದು ಕ್ಷಣ ಅನ್ನಿಸಿತ್ತು. ಆದರೆ ಅಪ್ಪನಿಗೆ ಓದದೆ ಅಚ್ಚಿಗೆ ಕೊಟ್ಟ ಪುಟ ಇಲ್ಲವೇ ಇಲ್ಲ, ಕ್ರಮ ಮುರಿದರೆ ಅದೇ ಅನುಮಾನಕ್ಕೆ ದಾರಿ. ಹೇಗೂ ಗುಮಾಸ್ತ ಎಂದು ಬದಲಿಸಿದ್ದೇನಲ್ಲ.

ಮೊದಲಿನಿಂದ ಕೊನೆಯವರೆಗೆ ಒಂದೇ ಒಂದು ಬ್ರೇಕ್ ಬೀಳಲಿಲ್ಲ. ಇದೇ ಮೊದಲು. ಛಾವಣಿ ನೋಡುತ್ತಾ ಕೇಳಿದರು. ಮುಗಿದ ಮೇಲೆ, "ಪಾಪ, ಆ ಹುಡುಗಿ. ಕೆಲಸಕ್ಕೂ ಹೋಗ್ತಾಳಾ?" ಎಂದರು. ಹೂಂ ಎಂದೆ. ಚೆನ್ನಾಗಿದೆ ಪುಟ್ಟಿ, ಎಲ್ಲಾ ಅರ್ಥ ಆಯ್ತು ಎಂದರು.

ಅಪ್ಪನ ಮನಸ್ಸಿಗೇ ಮುಟ್ಟಿದ ಮೇಲೆ ನಗರಸಭೆಯವರಿಗೆ ಮುಟ್ಟದೆ ಇರುತ್ತದೆಯೇ? ಖುಷಿಯಲ್ಲಿ ಇಬ್ಬರಿಗೂ ಹಾಲು ಬಿಸಿ ಮಾಡಿದೆ. ಅವರು ಬೇಡ ಎಂದರು. ಎರಡು ಲೋಟವನ್ನೂ ನಾನೇ ಕುಡಿದೆ.

ಮಾರ್ಚ್ ೧೮, ಮಂಗಳವಾರ

ಪುಟ ಅಚ್ಚಾಗಿ ಬಂತು. ಎರಡು ಪತ್ರಿಕೆಗಳು ಇದ್ದ ಹಾಗೇ ಹಾಕಿಕೊಂಡಿವೆ. ಗ್ರಂಥಾಲಯದ ಬಾಗಿಲಲ್ಲಿ, ಬಸ್ ನಿಲ್ದಾಣದ ಗೋಡೆಯ ಮೇಲೆ, ಔಷಧಿ ಅಂಗಡಿಯ ಗಾಜಿಗೆ, ಎಲ್ಲಿ ನೋಡಿದರೂ ನನ್ನ ಹೊರೆ. ಕೇಂದ್ರದ ಇಷ್ಟು ವರ್ಷದಲ್ಲಿ ಹೀಗೆ ಜನರ ಬಾಯಿಗೆ ಬಿದ್ದ ಮಾತು ಇನ್ನೊಂದಿಲ್ಲ ಎಂದು ನಿರ್ದೇಶಕಿ ಎಲ್ಲರ ಮುಂದೆ ಹೇಳಿದರು. ಸರಾಸರಿ ಕೂಡ, ಈ ಪುಟ ಸರಾಸರಿಗಿಂತ ಮೇಲು ಎಂದ. ಅವನ ಬಾಯಲ್ಲಿ ಅದು ದೊಡ್ಡ ಬಿರುದು.

ಮಾರ್ಚ್ ೨೫, ಮಂಗಳವಾರ

ನಿದ್ದೆ, ನಿದ್ದೆ, ನಿದ್ದೆ. ಎರಡು ವಾರದಿಂದ ರಾತ್ರಿ ಹಾರ್ನ್ ಸದ್ದಿಲ್ಲ. ಬೆಳಗ್ಗೆ ಎದ್ದು, ಒಂದು ಸಲವೂ ಕರೀಲಿಲ್ವಲ್ಲ ಎಂದರೆ, ಇದು ನಿಶ್ಶಬ್ದ ವಲಯ, ಹಾರ್ನ್ ಮಾಡಿದರೆ ದಂಡ ಹಾಕ್ತಾರೆ ಎನ್ನುತ್ತಾರೆ. ಹೊಸ ಮಾತ್ರೆ ಹಿಡಿದಿರಬೇಕು. ಹಟವೂ ಕಡಿಮೆಯಾಗಿದೆ. ಮಗ್ಗುಲು ಬದಲಿಸಲೇ ಎಂದರೂ, ಇರಲಿ ಬಿಡು, ಹೀಗೇ ಹಾಯಾಗಿದೆ ಎನ್ನುತ್ತಾರೆ.

ಕನ್ನಡಿಯಲ್ಲಿ ನೋಡಿಕೊಂಡೆ. ಕಣ್ಣಿನ ಕೆಳಗಿನ ಕಪ್ಪು ತಿಳಿಯಾಗಿದೆ. ಮಂಚದ ಪಕ್ಕದ ಕಿಟಕಿಯ ಕುಂಡದಲ್ಲಿ ಸೊರಗಿ ಕೂತಿದ್ದ ಗಿಡವೂ ಎಂಟು ಹತ್ತು ಹೊಸ ಎಲೆ ಬಿಟ್ಟಿದೆ. ನಾನು ಅದಕ್ಕೆ ನೀರು ಹಾಕಿ ಎಷ್ಟು ದಿನವಾಯಿತೋ. ಮನೆಗೆ ಒಳ್ಳೆಯ ಕಾಲ ಬಂದಾಗ ಎಲ್ಲವೂ ತಾನಾಗಿ ಚಿಗುರುತ್ತದೆ ಎಂದು ಅಮ್ಮ ಹೇಳುತ್ತಿದ್ದಳು.

ಏಪ್ರಿಲ್ ೨, ಬುಧವಾರ

ಸೆಖೆ. ಅಪ್ಪನ ಊಟ ಸ್ವಲ್ಪ ಇಳಿದಿದೆ. ತುಟಿ ಒಡೆದಿದೆ, ತುಪ್ಪ ಸವರಿದೆ. ದೊಡ್ಡ ಲೋಟ ಭಾರ, ಸಣ್ಣದು ಕೊಡು ಎಂದರು, ಕೊಟ್ಟೆ. ರೋಗಿಯ ಸಹಕಾರ ಒಟ್ಟಾರೆ ಉತ್ತಮ.

ಇದೇನು, ಮನೆಯಲ್ಲಿ ಕೂತು ವರದಿಯ ಭಾಷೆ ಬರೆಯುತ್ತಿದ್ದೇನೆ. ಶನಿವಾರದ ಸಭೆಯ ಕೆಲಸ ತಲೆಯಲ್ಲಿ ತುಂಬಿಕೊಂಡಿದೆ.

ಏಪ್ರಿಲ್ ೫, ಶನಿವಾರ

ಬಡಾವಣೆಯ ಗ್ರಂಥಾಲಯದ ಮೇಲಿನ ಕೋಣೆಯಲ್ಲಿ ಸಾರ್ವಜನಿಕ ಸಭೆ. ಇಪ್ಪತ್ತು ಜನ ಬಂದರೆ ಹೆಚ್ಚು ಎಂದುಕೊಂಡಿದ್ದೆವು, ಕುರ್ಚಿ ಸಾಲದೆ ಕೆಳಗಿನಿಂದ ಬೆಂಚು ಹೊತ್ತು ತಂದೆವು. ನಗರಸಭೆಯ ಮೂವರು ಸದಸ್ಯರು ಮುಂದಿನ ಸಾಲಿನಲ್ಲಿದ್ದರು. ನಾನು ಪುಟ ಓದಿದೆ. ಹೆಂಗಸರು ಕೆಲವರು ಕಣ್ಣೊರೆಸಿಕೊಂಡರು, ಸದಸ್ಯರಲ್ಲೊಬ್ಬರು ಕೂಡ.

ಪ್ರಶ್ನೆಗಳ ಹೊತ್ತಿಗೆ ಹಿಂದುಗಡೆ ಗಾಲಿಕುರ್ಚಿಯಲ್ಲಿ ಕೂತಿದ್ದ ಒಬ್ಬ ಮುದುಕಿ ಕೈ ಎತ್ತಿದರು. ಮಗ ಕೆಳಗಿನಿಂದ ಅವರನ್ನು ಕುರ್ಚಿ ಸಮೇತ ಎತ್ತಿಕೊಂಡು ಬಂದಿದ್ದ. ಮೈಕು ಕೈಗೆ ಕೊಟ್ಟೆ. "ನಾನೂರು ಮನೆಗೆ ಹೋಗಿದ್ದೀರಿ. ನಮ್ಮನೇಗೂ ಬಂದಿದ್ರಿ. ಸೊಸೇನ ಕೂರಿಸಿಕೊಂಡು ಗಂಟೆಗಟ್ಲೆ ಕೇಳಿದ್ರಿ. ಪಕ್ಕದ ಕೋಣೇಲಿ ನಾನಿದ್ದೆ. ಹೊರೇನ ಯಾರಾದ್ರೂ ಮಾತಾಡಿಸಿದ್ರಾ?" ಎಂದರು.

ತುಂಬಾ ಮುಖ್ಯವಾದ ಪ್ರಶ್ನೆ ಎಂದು ಹೇಳಿ ಮುಂದಿನವರಿಗೆ ಮೈಕು ದಾಟಿಸಿದೆ. ಉತ್ತರವಿಲ್ಲದಾಗ ಹಾಗೆ ಹೇಳುವುದನ್ನು ಕೇಂದ್ರದಲ್ಲಿ ಎಲ್ಲರೂ ಕಲಿತಿದ್ದೇವೆ. ಆಮೇಲೆ ಸರಾಸರಿಯನ್ನು ಕೇಳಿದರೆ, ಹಾಸಿಗೆ ಹಿಡಿದವರು ನಂಬುವಂಥ ಉತ್ತರ ಕೊಡಲಾರರು ಎಂದು ಮೊದಲೇ ಅವರನ್ನು ಕೈಬಿಟ್ಟಿದ್ದೆವು ಎಂದ.

ಸಭೆ ಗೆದ್ದಿತು, ನಿಜ. ಸದಸ್ಯರು ಮೂವರೂ ಒಪ್ಪಿದರು. ಆದರೂ ಆ ಮುದುಕಿಯ ಮೇಲೆ ನನಗೆ ಸಿಟ್ಟು ಬಂದಿದೆ. ಒಳ್ಳೆಯದಕ್ಕೆಂದು ಬರೆದದ್ದರಲ್ಲಿ ಹುಳುಕು ಹುಡುಕುವವರು ಎಲ್ಲ ಕಡೆ ಇರುತ್ತಾರೆ. ಅಪ್ಪನಿಗೆ ಇದನ್ನೆಲ್ಲ ಹೇಳಬೇಕೆಂದು ಬಂದೆ, ಕಣ್ಣು ಮುಚ್ಚಿ ಮಲಗಿದ್ದರು. ಈಚೆಗೆ ನಾನು ಬರುವ ಹೊತ್ತಿಗೆ ಮಲಗಿಯೇ ಇರುತ್ತಾರೆ.

ಏಪ್ರಿಲ್ ೮, ಮಂಗಳವಾರ

ಬೆಳಗ್ಗೆ ಅಪ್ಪನ ಮೈ ಕೆಂಡ. ಕರೆದರೆ ಕಣ್ಣು ಬಿಡುತ್ತಾರೆ, ಗುರುತಿಲ್ಲ. ಬಾಯಲ್ಲಿ ಯಾವುದೋ ಹಳೆಯ ಮಾರ್ಗದ ನಿಲ್ದಾಣಗಳ ಹೆಸರು. ಆಂಬುಲೆನ್ಸ್ ಬಂತು. ಸ್ಟ್ರೆಚರಿನ ಹುಡುಗರು ಬಾಗಿಲಲ್ಲಿ ತಿರುಗಿಸಲಾಗದೆ ಒದ್ದಾಡಿದಾಗ ಅಪ್ಪ, ಹಿಂದೆ ತಗೋ, ಹಿಂದೆ, ಇನ್ನೂ ಹಿಂದೆ ಎಂದರು.

ಏಪ್ರಿಲ್ ೯, ಬುಧವಾರ

ಮೂತ್ರದ ಸೋಂಕು, ಅದು ರಕ್ತಕ್ಕೆ ಏರಿದೆ. ಡಾಕ್ಟರ್ ವರದಿ ನೋಡುತ್ತಾ, ಇವರು ನೀರೇ ಕುಡಿದಿಲ್ಲ ಎಂದರು. ಕುಡೀತಾರೆ ಡಾಕ್ಟ್ರೇ, ದಿನಾ ಜಗ್ ತುಂಬಿಸಿ ಇಡ್ತೀನಿ, ಬೆಳಗ್ಗೆ ಖಾಲಿ ಆಗಿರತ್ತೆ ಎಂದೆ. ಅವರು ನನ್ನ ಮುಖ ನೋಡಿದರು.

ಏಪ್ರಿಲ್ ೧೦, ಗುರುವಾರ

ಆಯಾ ಆಸ್ಪತ್ರೆಗೆ ಬಂದಿದ್ದಳು. ಹೊರಗಿನ ಬೆಂಚಿನ ಮೇಲೆ ನನ್ನ ಪಕ್ಕ ಕೂತು ಸೆರಗಿನ ತುದಿ ಸುತ್ತುತ್ತಾ ಇದ್ದವಳು, ಬೈಯಲ್ಲ ಅಂದ್ರೆ ಒಂದು ಮಾತು ಹೇಳ್ತೀನಿ ಅಕ್ಕಾ ಎಂದಳು.

ಮಧ್ಯಾಹ್ನ ದಾಟಿದ ಮೇಲೆ ಅಪ್ಪ ಒಂದು ಗುಟುಕೂ ಕುಡಿಯುತ್ತಿರಲಿಲ್ಲವಂತೆ. ಜಗ್ಗಿನ ನೀರನ್ನು ಬಲಗೈಯಲ್ಲಿ ಲೋಟಕ್ಕೆ ಬಗ್ಗಿಸಿಕೊಂಡು, ಕಿಟಕಿಯ ಕುಂಡಕ್ಕೆ ಸುರಿಯುತ್ತಿದ್ದರಂತೆ. ಇವಳು ಕಂಡು ಕೇಳಿದ್ದಕ್ಕೆ, ನೀರು ಕುಡಿದರೆ ರಾತ್ರಿ ಅವಳನ್ನ ಎಬ್ಬಿಸಬೇಕಾಗತ್ತೆ, ಅವಳಿಗೆ ಹೇಳಿದೀಯಾ ಜೋಕೆ ಎಂದು ಆಣೆ ಹಾಕಿಸಿಕೊಂಡಿದ್ದರಂತೆ. ಯಾವಾಗಿನಿಂದ ಎಂದು ಕೇಳಿದೆ. ಅವಳು ನೆನಪು ಮಾಡಿಕೊಂಡು ಹೇಳಿದಳು. ಅವಳು ಹೇಳುವ ಮೊದಲೇ ನನಗೆ ಗೊತ್ತಿತ್ತು.

ಎಂಟು ಹತ್ತು ಹೊಸ ಎಲೆ.

ಏಪ್ರಿಲ್ ೧೧, ಶುಕ್ರವಾರ

ಬರೆಯಲಾಗುತ್ತಿಲ್ಲ.

ಏಪ್ರಿಲ್ ೧೩, ಭಾನುವಾರ

ಮಧ್ಯಾಹ್ನ ಜ್ವರ ಇಳಿದು ಅಪ್ಪನಿಗೆ ಪ್ರಜ್ಞೆ ತಿಳಿಯಾಯಿತು. ಪುಟ್ಟಿ ಎಂದರು. ಚಮಚದಲ್ಲಿ ನೀರು ಕೊಟ್ಟೆ, ಕುಡಿದರು. ಸುಮ್ಮನಿರಬೇಕಿತ್ತು, ಆಗಲಿಲ್ಲ. ಯಾಕಪ್ಪಾ ನೀರು ಕುಡೀಲಿಲ್ಲ ಎಂದು ಕೇಳಿಬಿಟ್ಟೆ.

"ಆ ಹುಡುಗಿ ಪಾಪ ಮೇಜಿನ ಮುಂದೆ ತೂಕಡಿಸ್ತಾಳೆ ಅಂತ ಓದಿದ್ಯಲ್ಲ" ಎಂದರು.

ಅದು ಬೇರೆ ಯಾರದೋ ಮನೆ ಕಥೆ ಅಪ್ಪಾ, ಅವರು ಗುಮಾಸ್ತರು ಎಂದೆ. ಆಸ್ಪತ್ರೆಯ ಮಂಚದ ಪಕ್ಕ ಕೂತೂ ಸುಳ್ಳು ಹೇಳಿದೆ. ಅವರು ಬಲಗಡೆಯ ತುಟಿಯಲ್ಲಿ ಮಾತ್ರ ನಕ್ಕರು. ಗಂಟೆ ಹೊಡೆಯೋನು ಗುಮಾಸ್ತ ಹೇಗಾಗ್ತಾನೆ, ಕಂಡಕ್ಟರ್ ಇರಬೇಕು ಎಂದರು.

ನನಗೆ ಅಳು ತಡೆಯಲಾಗಲಿಲ್ಲ. ಅವತ್ತು ಗೊತ್ತಾಗಿದ್ದರೆ ಯಾಕೆ ಬ್ರೇಕ್ ಹಾಕಲಿಲ್ಲ, ಹೊರೆ ಅಂದಾಗಲಾದರೂ ಹಾಕಬೇಕಿತ್ತಲ್ಲ ಎಂದೆ.

"ಬ್ರೇಕ್ ಹಾಕೋಕೆ ಏನಿತ್ತಮ್ಮ? ಒಂದೊಂದು ಮಾತೂ ಅರ್ಥ ಆಯ್ತಲ್ಲ."

ಅವರ ದನಿಯಲ್ಲಿ ಕೊಂಕು ಇರಲಿಲ್ಲ, ದೂರು ಇರಲಿಲ್ಲ. ಮಗಳು ಚೆನ್ನಾಗಿ ಬರೆದಿದ್ದಾಳೆ ಎನ್ನುವ ಹೆಮ್ಮೆಯೇ ಇತ್ತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನೀವು ನನಗೆ ಹೊರೆ ಅಲ್ಲ ಅಪ್ಪಾ ಎಂದು ಹೇಳಿದೆ. ಮತ್ತೆ ಮತ್ತೆ ಹೇಳಿದೆ. ಅವರು ಕಣ್ಣು ಮುಚ್ಚಿಕೊಂಡೇ ಹೂಂ ಹೂಂ ಎಂದರು. ನಾನು ಚಿಕ್ಕವಳಿದ್ದಾಗ, ಇನ್ನು ಮೇಲೆ ಬೆಲ್ಲ ಕದ್ದು ತಿನ್ನಲ್ಲ ಎಂದರೆ ಹೀಗೆಯೇ ಹೂಂಗುಟ್ಟುತ್ತಿದ್ದರು.

ಏಪ್ರಿಲ್ ೧೬, ಬುಧವಾರ

ಬೆಳಗ್ಗೆ ಅಪ್ಪ ಹೋದರು. ನಾನು ಪಕ್ಕದಲ್ಲೇ ಇದ್ದೆ. ನಿದ್ದೆ ಹತ್ತಿತ್ತು. ನನ್ನನ್ನು ಎಬ್ಬಿಸಲಿಲ್ಲ.

ಮೇ ೯, ಶುಕ್ರವಾರ

ಕೇಂದ್ರಕ್ಕೆ ವಾಪಸು ಹೋಗತೊಡಗಿ ನಾಲ್ಕು ದಿನ. ಎಲ್ಲರೂ ನನ್ನ ಹತ್ತಿರ ಮೆಲ್ಲಗೆ ಮಾತಾಡುತ್ತಾರೆ. ಸರಾಸರಿ ದಿನಾ ಚಹಾ ತಂದು ಮೇಜಿನ ಮೇಲಿಟ್ಟು ಹೋಗುತ್ತಾನೆ.

ನಗರಸಭೆ ಯೋಜನೆಯನ್ನು ಒಪ್ಪಿದೆ. ನಮ್ಮ ಬಡಾವಣೆಯಿಂದಲೇ ಶುರು. ಎಲ್ಲರ ಬಾಯಲ್ಲೂ ನಿಂತ ಮಾತೆಂದು ಅದಕ್ಕೆ ಹೊರೆ ಇಳಿಕೆ ಯೋಜನೆ ಎಂದೇ ಹೆಸರಿಟ್ಟಿದ್ದಾರೆ. ನಿರ್ದೇಶಕಿಯ ಕೋಣೆಗೆ ಹೋಗಿ, ಆ ಪದವನ್ನು ತೆಗೆಸಬೇಕು ಎಂದೆ. ಅವರು ಎದ್ದು ಬಂದು ನನ್ನ ಪಕ್ಕದ ಕುರ್ಚಿಯಲ್ಲಿ ಕೂತರು. ಕೆಟ್ಟವರಲ್ಲ. ಆ ಪದದಿಂದಲೇ ಇದು ಗೆದ್ದದ್ದು, ಈಗ ತೆಗೆಯಿರಿ ಎಂದರೆ ಕಡತ ಮತ್ತೆ ಮೊದಲಿಗೆ ಹೋಗುತ್ತದೆ, ಅಷ್ಟೂ ಮನೆಗಳು ಕಾಯುತ್ತಿವೆ ಎಂದರು. ಅವರು ಹೇಳಿದ್ದು ಸರಿ. ಗಾಲಿಕುರ್ಚಿಯ ಮುದುಕಿ ಹೇಳಿದ್ದೂ ಸರಿ. ಇಬ್ಬರ ನಡುವೆ ನಾನು ಬರೆದ ಒಂದು ಮಾತು ಬಿದ್ದಿದೆ, ಅದನ್ನು ಎತ್ತಿಕೊಳ್ಳಲು ನನ್ನಿಂದ ಆಗುತ್ತಿಲ್ಲ.

ಇಷ್ಟು ಮಾತ್ರ ಒಪ್ಪಿಸಿದೆ: ಇನ್ನು ಮೇಲೆ ನಮ್ಮ ಕೇಂದ್ರದವರು ಯಾವ ಮನೆಗೆ ಹೋದರೂ ಒಳಗಿನ ಕೋಣೆಗೆ ಹೋಗಿ ಮಲಗಿದವರನ್ನು ಮಾತಾಡಿಸಿಯೇ ಬರಬೇಕು. ಉತ್ತರ ನಂಬುವಂತಿರಲಿ, ಇಲ್ಲದಿರಲಿ.

ಮೇ ೧೭, ಶನಿವಾರ

ರಾತ್ರಿ ನಾಲ್ಕು ಸಲ ಎಚ್ಚರವಾಗುತ್ತದೆ. ಯಾರೂ ಕರೆದಿರುವುದಿಲ್ಲ. ಎದ್ದು ಹೋಗಿ ನೋಡಿ ಬರುತ್ತೇನೆ.

ಮೇ ೨೬, ಸೋಮವಾರ

ಬಾಗಿಲು ಬಡಿದ ಸದ್ದಾಯಿತು. ಬಿಳಿ ಕೋಟು, ಹೆಗಲಲ್ಲಿ ಚೀಲ, ಇಪ್ಪತ್ತೈದು ದಾಟದ ಹುಡುಗಿ. ಬಿಸಿಲಲ್ಲಿ ನಡೆದು ಬಂದು ಮುಖ ಕೆಂಪಾಗಿತ್ತು.

"ಹೊರೆ ಇಳಿಕೆಯಿಂದ ಬಂದಿದೀನಿ ಮೇಡಂ. ಮೊದಲನೇ ಮನೆ ನಿಮ್ಮದೇ" ಎಂದಳು.

ಗ್ರಂಥಾಲಯದ ಸಭೆಯ ದಿನ ನರ್ಸ್ ಬೇಕಾದ ಮನೆಗಳ ಪಟ್ಟಿ ಮಾಡಿದಾಗ ನಾನು ನಮ್ಮ ಮನೆಯ ವಿಳಾಸವನ್ನು ಎಲ್ಲಕ್ಕಿಂತ ಮೇಲೆ ಬರೆಸಿದ್ದೆ. ಮರೆತೇ ಹೋಗಿತ್ತು. ಒಳಗೆ ಕರೆದೆ. ಅವಳು ಚಪ್ಪಲಿ ಬಿಟ್ಟು ನೇರ ಮಂಚದ ಕೋಣೆಗೆ ಹೋಗಿ, ಸುತ್ತಿಟ್ಟ ಹಾಸಿಗೆ ನೋಡಿ ನಿಂತಳು. ರೋಗಿ ಎಲ್ಲಿ ಎಂದು ಕೇಳಲಿಲ್ಲ. ಪಾಪ, ಹುಡುಗಿ. ತಡವಾಯ್ತು ಅಲ್ವಾ ಮೇಡಂ ಎಂದು ಮಾತ್ರ ಕೇಳಿದಳು. ನಿನ್ನದೇನೂ ತಪ್ಪಿಲ್ಲಮ್ಮ, ಅವರು ಮುಂಚೆಯೇ ಇಳಿದರು ಎಂದೆ.

ಕೂರಿಸಿ ನೀರು ಕೊಟ್ಟೆ. ಗಟಗಟ ಕುಡಿದಳು. ಇನ್ನೊಂದು ಲೋಟ ಕೊಟ್ಟೆ, ಅದನ್ನೂ ಕುಡಿದಳು. ಒಬ್ಬರು ನೀರು ಕುಡಿಯುವುದನ್ನು ಅಷ್ಟು ಹೊತ್ತು ನೋಡುತ್ತಾ ಕೂತದ್ದಕ್ಕೆ ಅವಳಿಗೆ ಮುಜುಗರವಾಗಿರಬೇಕು. ಮುಂದಿನ ಮನೆಗೆ ಹೊತ್ತಾಯಿತೆಂದು ಎದ್ದಳು. ಬಾಗಿಲವರೆಗೆ ಬಂದು ಅವಳಿಗೆ ಒಂದು ಮಾತು ಹೇಳಿದೆ. ಹನ್ನೆರಡು ವರ್ಷದ ಕೆಲಸದಲ್ಲಿ ಊರಿಗೆ ನಾನು ತಿಳಿಸಿದ್ದು ಇದೊಂದೇ ಎಂದಾದರೂ ಸಾಕು.

"ಹೋದ ಮನೇಲೆಲ್ಲ ಮಂಚದ ಪಕ್ಕ ಗಿಡ ಇದೆಯಾ ನೋಡು. ಇದ್ದು ಚೆನ್ನಾಗಿ ಚಿಗುರಿದ್ರೆ, ಇದಕ್ಕೆ ನೀರು ಹಾಕೋರು ಯಾರು ಅಂತ ಕೇಳು."

ಯಾಕೆ ಎನ್ನುವಂತೆ ಅವಳು ತಿರುಗಿ ಕಿಟಕಿಯ ಕಡೆ ನೋಡಿದಳು. ನಮ್ಮ ಕುಂಡದ ಗಿಡ ಒಣಗಿಹೋಗಿತ್ತು.